ಗುರುವಾರದ ಗಾಳಿ

ತೊಟ್ಟಿಯ ನೀರಿನಲ್ಲಿ ಒಂದೇ ಒಂದು ಗುಳ್ಳೆ ಏಳಲಿಲ್ಲ.

ಕೃಷ್ಣವೇಣಿ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ಇನ್ನೊಮ್ಮೆ ನೋಡಿದಳು. ಗಾಳಿ ತುಂಬಿದ ಟೈರು ಅರ್ಧ ಮುಳುಗಿ, ಕೆರೆಗಿಳಿದ ಎಮ್ಮೆಯ ಹಾಗೆ ನೆಮ್ಮದಿಯಾಗಿತ್ತು. ಸೋಮಂದೇಪಲ್ಲಿಯ ಗ್ಯಾರೇಜಿನ ಆಂಜನೇಯ ಅದನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದ. ಪಂಚರ್ ಹಾಕಿದ್ದ ಜಾಗ ಮೇಲೆ ಬಂತು, ಮತ್ತೆ ಕೆಳಗೆ ಹೋಯಿತು. ಅಲ್ಲೂ ಏನಿಲ್ಲ.

"ಪಂಚರ್ ಗಟ್ಟಿಯಾಗಿ ಕೂತೈತೆ ಮೇಡಂ," ಅಂದ ಆಂಜನೇಯ. "ಟೈರ್ ಸವೆದು ಬೋಳಾದ್ರೂ ಇದು ಬಿಡಾಕಿಲ್ಲ."

"ಹಂಗಾದ್ರೆ ಗಾಳಿ ಎಲ್ಲಿಂದ ಹೋಯ್ತು?"

"ಅದ್ನ ಕಂಡುಹಿಡೀಲಿ ಅಂತಾನೇ ಅಲ್ವಾ ನಿಮ್ಮನ್ನ ಕಳ್ಸಿರೋದು? ನನ್ನ ಕೇಳ್ತೀರಲ್ಲ!"

ನಗಬೇಕಾದ ಮಾತು. ಕೃಷ್ಣವೇಣಿಗೆ ನಗು ಬರಲಿಲ್ಲ. ವಿಮಾ ಕಂಪನಿಗಳ ಪರವಾಗಿ ಜಖಂ ಆದ ಗಾಡಿಗಳನ್ನು ನೋಡಿ ವರದಿ ಕೊಡುವ ಈ ಕೆಲಸದಲ್ಲಿ ಅವಳ ಅರ್ಧ ಆಯುಸ್ಸು ಕಳೆದಿತ್ತು. ಗುದ್ದಿದ ಗಾಡಿ, ಸುಟ್ಟ ಗಾಡಿ, ಹಳ್ಳಕ್ಕೆ ಬಿದ್ದ ಗಾಡಿ, ಪ್ರತಿಯೊಂದರ ಪಕ್ಕದಲ್ಲೂ ಮುಖ ಒಣಗಿಸಿಕೊಂಡು ಸುಳ್ಳು ಹೇಳುವ ಒಬ್ಬ ಮನುಷ್ಯ. ಮೊದಮೊದಲು ಸುಳ್ಳು ಕೇಳಿದರೆ ಮೈ ಉರಿಯುತ್ತಿತ್ತು. ಈಗ ಬರೀ ಆಕಳಿಕೆ ಬರುತ್ತಿತ್ತು.

ಈ ಸಲದ ಗಾಡಿಯ ಪಕ್ಕದಲ್ಲಿ ಮನುಷ್ಯನೇ ಇರಲಿಲ್ಲ. ಕಲ್ಯಾಣದುರ್ಗದ ಕಡಲೆಕಾಯಿ ಎಣ್ಣೆ ಮಿಲ್ಲಿನ ಸಾಹುಕಾರ ದೊಡ್ಡಬಸಪ್ಪ ಹೋದ ಗುರುವಾರ ಬೆಳಗಿನ ಜಾವ ಹಿಂದೂಪುರಕ್ಕೆಂದು ಕಾರಿನಲ್ಲಿ ಹೊರಟವರು ಬಂದು ಸೇರಲೇ ಇಲ್ಲ. ಸೋಮಂದೇಪಲ್ಲಿಯ ಹತ್ತಿರ ಜಾಲಿ ಮರದ ಕೆಳಗೆ ಅವರ ಕಾರು ಮಾತ್ರ ಸಿಕ್ಕಿತು. ಎಡಗಡೆಯ ಹಿಂದಿನ ಚಕ್ರದ ಗಾಳಿ ಪೂರ್ತಿ ಇಳಿದಿತ್ತು.

ಆ ಚಕ್ರಕ್ಕೆ ಪಂಚರ್ ಹಾಕಿದ್ದವನು ಕಲ್ಯಾಣದುರ್ಗದ ಮುತ್ಯಾಲಪ್ಪ. ಬೇಕೆಂದೇ ಕಚ್ಚಾ ಪಂಚರ್ ಹಾಕಿ, ಕಾರು ದಾರಿಯಲ್ಲಿ ನಿಲ್ಲುವ ಹಾಗೆ ಮಾಡಿ, ತನ್ನ ಕಡೆಯವರಿಂದ ಸಾಹುಕಾರರನ್ನು ಹೊತ್ತೊಯ್ಯಿಸಿದ್ದಾನೆ ಎಂಬುದು ಪೊಲೀಸರ ಲೆಕ್ಕ. ವಿಚಾರಣೆಗೆಂದು ಕರೆದೊಯ್ದವನನ್ನು ಸ್ಟೇಷನ್ನಿನಲ್ಲೇ ಕೂರಿಸಿದ್ದರು. ನಾಳೆ ಬೆಳಿಗ್ಗೆ ಕೋರ್ಟಿಗೆ, ಅಲ್ಲಿಂದ ಸೀದಾ ಜೈಲಿಗೆ.

ಕೃಷ್ಣವೇಣಿ ಟೈರಿನ ಪಕ್ಕೆಯನ್ನು ಬೆರಳಿನಿಂದ ಸವರಿದಳು. ಗಾಳಿಯಿಲ್ಲದೆ ನಾಲ್ಕು ಮಾರು ಉರುಳಿದ್ದರೂ ಅದು ಮುದುಡಿ, ಸುತ್ತಲೂ ಗೀರು ಬಿದ್ದಿರಬೇಕಿತ್ತು. ಇದು ನುಣ್ಣಗಿತ್ತು. ಅಂದರೆ ಕಾರು ಬಂದು ನಿಂತಾಗ ಚಕ್ರದಲ್ಲಿ ಗಾಳಿ ಇತ್ತು, ಇಳಿದದ್ದು ನಿಂತ ಮೇಲೆ.

"ಗಾಳಿ ಹೊಡೆಯೋ ಮೂತಿ ಮೇಲಿನ ಕ್ಯಾಪ್ ಎಲ್ಲಿಟ್ಟೆ ಆಂಜನೇಯ?"

ಕಿರುಬೆರಳಿನ ತುದಿಯಷ್ಟಿದ್ದ ಆ ಕರಿ ಕ್ಯಾಪು ಗ್ರೀಸ್ ಡಬ್ಬದ ಮುಚ್ಚಳದ ಮೇಲಿತ್ತು. ಕೃಷ್ಣವೇಣಿ ಅದನ್ನು ಅಂಗೈಯ ಮೇಲೆ ಮಗುಚಿ ತಟ್ಟಿದಳು. ಏನೂ ಬೀಳಲಿಲ್ಲ. ಹೇರ್‌ಪಿನ್ ತೆಗೆದು ಒಳಗೆ ಕೆದಕಿದಾಗ ಒಂದು ಹೆಸರುಕಾಳು ಉದುರಿತು.

ಇಬ್ಬರೂ ಅದನ್ನೇ ನೋಡಿದರು.

"ಇದಾ!" ಆಂಜನೇಯ ನಕ್ಕೇಬಿಟ್ಟ. "ಸ್ಕೂಲಿಗೆ ಹೋಗೋವಾಗ ಮಾಡ್ತಿದ್ವಿ ಮೇಡಂ. ಕ್ಯಾಪ್ ಒಳಗೆ ಕಾಳು ಇಟ್ಟು ಬಿಗಿಯಾಗಿ ತಿರುಗ್ಸಿದ್ರೆ ಅದು ಒಳಗಿನ ಪಿನ್ನ ಒತ್ಕೊಂಡಿರ್ತದೆ. ಪುಸ್ ಅಂತಾನೂ ಅನ್ನಾಕಿಲ್ಲ. ಮೆಲ್ಲಗೆ ಪೂರಾ ಇಳ್ದುಹೋಯ್ತದೆ. ನೋಡ್ದೋರು ಪಂಚರ್ ಅಂದ್ಕತಾರೆ."

"ಮಾಡಿ ತೋರ್ಸು."

ಅವನು ಕಾಳನ್ನು ಮತ್ತೆ ಒಳಗಿಟ್ಟು ಕ್ಯಾಪ್ ಬಿಗಿದ. ಇಬ್ಬರೂ ಟೀ ತರಿಸಿ ಕುಡಿದರು, ಬಿಸಿಲನ್ನು ಬೈದರು, ಆಂಜನೇಯನ ಭಾವಮೈದುನನ ಮದುವೆಯ ಮಾತಾಡಿದರು. ಅಷ್ಟು ಹೊತ್ತಿಗೆ ಟೈರು ಕಾಲಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿತ್ತು.

ಕೃಷ್ಣವೇಣಿ ಖುಷಿಯಿಂದಲೇ ಕಲ್ಯಾಣದುರ್ಗದ ಎಸ್ಸೈ ರಘುನಾಥನಿಗೆ ಫೋನ್ ಹಚ್ಚಿದಳು. ಪಂಚರಿನಲ್ಲಿ ತಪ್ಪಿಲ್ಲ, ಗಾಳಿ ಇಳಿಸಿದ್ದು ಈ ಕಾಳು ಎಂದು ಹೇಳಿದಳು.

"ಚಾಲಾ ಥ್ಯಾಂಕ್ಸ್ ಮೇಡಂ," ಅಂದ ರಘುನಾಥ ತನ್ನ ತೆಲುಗು ಬೆರೆತ ಕನ್ನಡದಲ್ಲಿ. "ಇಲ್ಲೀ ತನಕ ಬರೀ ಅನುಮಾನ ಇತ್ತು. ಈಗ ಸಾಕ್ಷೀನೂ ಸಿಕ್ತು ಚೂಡಂಡಿ. ಪಂಚರ್ ಹಾಕೋನಿಗಲ್ದೆ ಈ ಕಿತಾಪತಿ ಇನ್ಯಾರಿಗೆ ಗೊತ್ತಿರುತ್ತೆ?"

"ಅಲ್ಲ ಸಾರ್, ಯಾರು ಬೇಕಾದ್ರೂ..."

"ಸಾಹುಕಾರ್ರ ತಮ್ಮ ಸಿದ್ದಲಿಂಗೇಶನ್ನೂ ಕೇಳಿದ್ದಾಯ್ತು. ಮಿಲ್ಲಿನ ಭಾಗದ ಮಾತಿಗೆ ಅಣ್ಣ ಬರ್ತಾನೆ ಅಂತ ಹಿಂದೂಪುರದ ಅಂಗಡೀಲೇ ಕಾಯ್ಕೊಂಡು ಕೂತಿದ್ದ. ಅವನು ಅಲ್ಲಿದ್ದದ್ದನ್ನ ಊರೆಲ್ಲಾ ನೋಡಿದೆ. ಉಳಿದೋನು ಇವನೊಬ್ಬನೇ. ಆ ಕಾಳು ಜೋಪಾನ ಮೇಡಂ. ಉಂಟಾನು, ಇಡ್ತೀನಿ."

ಫೋನ್ ಕಟ್ಟಾಯಿತು. ಮುತ್ಯಾಲಪ್ಪನನ್ನು ಬಿಡಿಸೋಣವೆಂದು ಹೋಗಿ ಗಂಟನ್ನು ಇನ್ನಷ್ಟು ಬಿಗಿ ಮಾಡಿದ್ದಳು. ಕೃಷ್ಣವೇಣಿಗೆ ತನ್ನ ಮೇಲೇ ಬೇಸರವಾಯಿತು. ಮನೆಗೆ ಹೋಗಿ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಬೇಕು ಅನ್ನಿಸಿತು. ಅದರ ಬದಲು ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

*

ಪೆನುಕೊಂಡದಲ್ಲಿ ಬಸ್ ಬದಲಿಸಿ, ಅಲ್ಲಿಂದ ಮುಂದೆ ನಿಂತೇ ಬಂದು, ಕಲ್ಯಾಣದುರ್ಗದಲ್ಲಿ ಇಳಿಯುವಾಗ ಬಿಸಿಲು ನೆತ್ತಿಯಿಂದ ಜಾರಿತ್ತು. ಜೀಪಿನವರು ಬ್ರಹ್ಮಸಮುದ್ರಂ, ಬ್ರಹ್ಮಸಮುದ್ರಂ ಎಂದು ಕೂಗುತ್ತಿದ್ದರು. ಒಬ್ಬ ಅವಳ ಬ್ಯಾಗಿಗೇ ಕೈ ಹಾಕಿದ. ಅವಳು ನೋಡಿದ ನೋಟಕ್ಕೆ ಬಿಟ್ಟ.

ಮುತ್ಯಾಲಪ್ಪನ ಪಂಚರ್ ಅಂಗಡಿ ಮುಚ್ಚಿತ್ತು. ಅದರ ಮುಂದೆ ಅವನ ಹೆಂಡತಿ ಪಾಪಕ್ಕ ಕಸ ಗುಡಿಸುತ್ತಿದ್ದಳು. ಗಿರಾಕಿಯಿಲ್ಲದ ಅಂಗಡಿಯ ಮುಂದೆ ಗುಡಿಸಲು ಏನಿತ್ತೋ, ಅಂತೂ ಗುಡಿಸುತ್ತಿದ್ದಳು.

"ಬಿಡ್ತಾರಾ ಅಕ್ಕ ನಮ್ಮೋರ್ನ?" ಸ್ಟೇಷನ್ನಿನಲ್ಲಿ ಒಮ್ಮೆ ನೋಡಿದ್ದ ಕೃಷ್ಣವೇಣಿಯನ್ನು ಕಂಡೊಡನೆ ಪೊರಕೆ ಬಿಟ್ಟು ಕೇಳಿದಳು. "ನಾಳೆ ಕೋರ್ಟು ಅಂತಾರೆ. ನಂಗೆ ಎದೆ ಡವಡವ ಅಂತೈತೆ."

"ಅದಕ್ಕೇ ಬಂದಿದ್ದೀನಿ. ಬಾ, ಕೂತ್ಕೋ. ಆ ಕಾರಿನ ವಿಷ್ಯ ಹೇಳು."

ಇಬ್ಬರೂ ಹಳೇ ಟೈರುಗಳ ಮೇಲೆ ಕೂತರು.

"ಏನ್ ಹೇಳ್ಲಿ ಆ ಕಾರಿನ ಕತೆ! ಮೊದ್ಲು ಒಂದ್ಸಲ ಮೊಳೆ ಚುಚ್ಕಂಡಿತ್ತು. ಪಂಚರ್ ಹಾಕಿ ಕಳ್ಸಿದ್ರು. ಆಮೇಲೆ ಸುಮ್‌ಸುಮ್ನೆ ಗಾಳಿ ಇಳ್ಯಾಕೆ ಸುರುವಾಯ್ತು. ಬೆಳಿಗ್ಗೆ ಬೆಳಿಗ್ಗೇನೇ ಸಾವ್ಕಾರ್ರ ಮನೆಯಿಂದ ಫೋನು, ಏನ್ಲಾ ಹಾಕಿದೀಯ ಪಂಚರ್ರು ಅಂತ. ಇವ್ರು ಪಂಪ್ ತಗಂಡು ಓಡೋರು. ಸೋಪಿನ ನೀರು ಬಿಟ್ಟು ನೋಡೋರು, ಗುಳ್ಳೆ ಬರ್ತಿರ್ಲಿಲ್ಲ. ಗಾಳಿ ಹೊಡ್ದು ಬೈಸ್ಕಂಡು ಬರೋರು. ಅದೂ ನನ್ನ ಒಪ್ಪತ್ತಿನ ದಿನಾನೇ ವಕ್ರಿಸ್ಕಳ್ಳೋದು. ಇವ್ರಿಗೆ ಬಿಸಿ ಮುದ್ದೆ ಬಡಿಸಿ ನಾನು ಮಡಿ ಆಗ್ಬೇಕು, ಅಷ್ಟರಾಗೆ ಫೋನು. ಮುದ್ದೆ ಕಲ್ಲಾಗೋದು."

"ಒಪ್ಪತ್ತು ಯಾವತ್ತು ನಿಂದು?"

"ಗುರುವಾರ."

"ಪ್ರತಿ ಸಲಾನೂ ಗುರುವಾರವಾ? ಚೆನ್ನಾಗಿ ನೆನಪು ಮಾಡ್ಕೋ."

"ಹೂಂ ಅಕ್ಕ. ಬ್ಯಾರೆ ದಿನ ಆಗಿದ್ರೆ ನಂಗ್ಯಾಕೆ ಕ್ವಾಪ ಬತ್ತಿತ್ತು?"

"ಹೋದ ಗುರುವಾರ?"

"ನಾನು ಊರಾಗಿರ್ಲಿಲ್ಲ. ಬ್ರಹ್ಮಸಮುದ್ರದಾಗೆ ನಮ್ಮ ತಂಗಿ ಮನೇಲಿದ್ದೆ. ಅವತ್ತು ಯಾರೂ ಕರೀಲಿಲ್ಲ ಅಂತ ಇವ್ರೇ ಪೊಲೀಸ್ನೋರ್ಗೆ ಹೇಳವ್ರೆ."

ಕೃಷ್ಣವೇಣಿ ಬಾಟಲಿಯ ಬಿಸಿ ನೀರನ್ನು ಒಂದು ಗುಟುಕು ಕುಡಿದಳು. ರಸ್ತೆಯ ಮೊಳೆಗೆ ವಾರ ಗೊತ್ತಿರುವುದಿಲ್ಲ. ಸಡಿಲ ಪಂಚರಿಗೂ ಗೊತ್ತಿರುವುದಿಲ್ಲ. ವಾರ ನೋಡಿಕೊಂಡು ಗಾಳಿ ಇಳಿಸುವವರು ಮನುಷ್ಯರೇ ಆಗಿರಬೇಕು.

ಕಲ್ಯಾಣದುರ್ಗದಿಂದ ಹಿಂದೂಪುರ ಯಾವ ದಿಕ್ಕು? ದಕ್ಷಿಣ. ಗುರುವಾರ ದಕ್ಷಿಣಕ್ಕೆ ಶೂಲ. ಆ ದಿನ ಆ ದಿಕ್ಕಿಗೆ ಹೊರಟರೆ ಕೇಡು ಕಟ್ಟಿಟ್ಟದ್ದು ಎಂದು ಅವಳ ಅಮ್ಮನೂ ಹೇಳುತ್ತಿದ್ದಳು. ಸರ್ವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಗಳ ಚಪ್ಪಲಿಯನ್ನೇ ಬಚ್ಚಿಟ್ಟಿದ್ದಳು ಆ ಮಹಾತಾಯಿ. ಚಪ್ಪಲಿ ಬಚ್ಚಿಡುವವರು ಇರುವಾಗ ಟೈರಿಗೆ ಕಾಳು ಇಡುವವರೂ ಇರಬಹುದು.

"ದೊಡ್ಡಬಸಪ್ಪನೋರ ತಾಯಿ ಇದ್ದಾರಲ್ವಾ?"

"ಬನಶಂಕರಮ್ಮನೋರಾ? ಅವ್ರೆ. ನಾನೂ ಈಗ ಅಲ್ಲೇ ಇರೋದು ಅಕ್ಕ." ಪಾಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಾವ್ಕಾರ್ರ ಹೆಂಡ್ತಿ ಮಂಗಳಗೌರಮ್ಮ ದೇವ್ರಂತೋರು. ತನ್ನ ಗಂಡಾನೇ ಕಾಣೆಯಾಗಿರೋವಾಗ ನನ್ನ ಮನೇಗೆ ಬಂದು, ಒಬ್ಳೇ ಇರ್ಬ್ಯಾಡ ಅಂತ ಕರ್ಕಂಡ್ಹೋದ್ರು. ಊರೋರೆಲ್ಲಾ ನಮ್ಮ ಮುಖ ನೋಡ್ತಿಲ್ಲ, ಆಯಮ್ಮ ಪಕ್ಕದಾಗೆ ಕುಂಡ್ರಿಸ್ಕಂಡು ಅನ್ನ ಇಕ್ತಾರೆ."

ಇಂಥವರೂ ಇದ್ದಾರಲ್ಲ ಎಂದು ಕೃಷ್ಣವೇಣಿಯ ಮನಸ್ಸು ತುಂಬಿ ಬಂತು. ಇಷ್ಟು ವರ್ಷಗಳ ಕೆಲಸದಲ್ಲಿ ಅವಳಿಗೆ ಒಳ್ಳೆಯವರನ್ನು ಕಾಣುವ ಅಭ್ಯಾಸವೇ ತಪ್ಪಿಹೋಗಿತ್ತು.

*

ಮಂಗಳಗೌರಿ ಮಜ್ಜಿಗೆ ತಂದುಕೊಟ್ಟಳು. ನಲವತ್ತು ದಾಟಿದ ಹೆಂಗಸು, ಹಣೆಯ ಮೇಲೆ ತೆಳುವಾಗಿ ವಿಭೂತಿ, ಅತ್ತು ಅತ್ತು ಊದಿದ ಕಣ್ಣು. ಮಾತಾಡುವಾಗಲೂ ಗೇಟಿನ ಕಡೆಗೇ ನೋಡುತ್ತಿದ್ದಳು.

"ನಿದ್ದೆಗಣ್ಣಲ್ಲಿ ಗಾಡಿ ಹೊರಟ ಸದ್ದು ಕೇಳಿಸ್ತು ಅಕ್ಕ, ಅಷ್ಟೇ. ಎದ್ದು ಒಂದು ಮಾತೂ ಆಡಲಿಲ್ಲ. ನನಗಾದ್ರೂ ಗಾಡಿ ಓಡಿಸೋಕೆ ಬಂದಿದ್ರೆ ಜೊತೇಲಿ ಹೋಗ್ತಿದ್ದೆ, ಇಂಥದ್ದು ಆಗ್ತಿರಲಿಲ್ಲ."

"ನಿಮ್ಮ ಅತ್ತೆ ಜೊತೆ ಸ್ವಲ್ಪ ಮಾತಾಡ್ಬೇಕಿತ್ತು."

"ಹಿತ್ತಲ ಜಗಲೀಲಿದ್ದಾರೆ. ಊಟಾನೇ ಬಿಟ್ಟಿದ್ದಾರೆ, ನೀವೇ ಒಂದು ಮಾತು ಹೇಳಿ."

ಬನಶಂಕರಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಕೃಷ್ಣವೇಣಿ ಎದುರಿಗೆ ನೆಲದ ಮೇಲೇ ಕೂತಳು. ಸುತ್ತಿ ಬಳಸಿ ಮಾತಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಕರ್ಚೀಫಿನ ಗಂಟು ಬಿಚ್ಚಿ ಹೆಸರುಕಾಳನ್ನು ಇಬ್ಬರ ನಡುವೆ ಇಟ್ಟಳು.

"ದೊಡ್ಡಮ್ಮ, ಇದು ನಿಮ್ದಾ?"

ಮುದುಕಿ ಕಾಳನ್ನು ನೋಡಿದರು, ಮುಟ್ಟಲಿಲ್ಲ. "ಹೆಸ್ರುಕಾಳು ಯಾರ ಮನೇಲಿರಾಕಿಲ್ಲ?"

"ಎಲ್ರ ಮನೇಲೂ ಇರುತ್ತೆ. ಟೈರಿನ ಕ್ಯಾಪ್ ಒಳಗೆ ಇರಲ್ಲ."

"ನಂಗೆ ಟೈರು ಗೀರು ಗೊತ್ತಿಲ್ಲ ಕಣಮ್ಮ. ಹೋಗು, ತಲೆ ತಿನ್ಬ್ಯಾಡ."

"ಗುರುವಾರ ಬಿಟ್ಟು ಇನ್ಯಾವತ್ತಾದ್ರೂ ಆ ಚಕ್ರದ ಗಾಳಿ ಇಳಿದಿದ್ದು ನೋಡಿದ್ದೀರಾ?"

ಬನಶಂಕರಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ಗುರುವಾರ ದಕ್ಷಿಣಕ್ಕೆ ಶೂಲ. ನಮ್ಮಮ್ಮ ನನ್ನ ಚಪ್ಪಲಿ ಬಚ್ಚಿಡ್ತಿದ್ಲು. ನೀವು ಏನ್ ಮಾಡ್ತಿದ್ರಿ ದೊಡ್ಡಮ್ಮ?"

"ಎದ್ದು ಹೋಗು ಅಂದೆ!"

"ಹೋಗ್ತೀನಿ. ನಾನು ಹೋದ್ರೆ ನಾಳೆ ಮುತ್ಯಾಲಪ್ಪ ಜೈಲಿಗೆ ಹೋಗ್ತಾನೆ. ಈ ಕಾಳು ಅವ್ನೇ ಇಟ್ಟಿದ್ದು ಅಂತಿದ್ದಾರೆ ಪೊಲೀಸ್ನೋರು."

"ಅವ್ನು ಜೈಲಿಗಾದ್ರೂ ಹೋಗ್ಲಿ, ಗಂಗೆಗಾದ್ರೂ ಹೋಗ್ಲಿ!" ಮುದುಕಿಯ ಕೂಗಿಗೆ ಹಿತ್ತಲಿನ ಕೋಳಿಗಳು ಚೆದುರಿದವು. "ನನ್ನ ಮಗ ಎಲ್ಲವ್ನೆ? ಅದ್ನ ಹೇಳು ಮೊದ್ಲು! ನನ್ನ ಮಗ ಎಲ್ಲವ್ನೆ?"

ಕೂಗು ಹಾಗೇ ಅಳುವಾಯಿತು. ಕೃಷ್ಣವೇಣಿ ಅವರ ಕಾಲಿನ ಮೇಲೆ ಕೈಯಿಟ್ಟು ಸುಮ್ಮನೆ ಕಾದಳು. ಅಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಆದರೂ ಇವರನ್ನು ಬಿಟ್ಟು ಏಳಲಾಗಲಿಲ್ಲ.

"ಶೂಲ ಅಂದ್ರೆ ನಗ್ತಿದ್ದ ಕಣವ್ವ," ಬನಶಂಕರಮ್ಮ ಕೊನೆಗೆ ಅಂದರು. "ಮಿಲ್ ರಜ ಇರೋದೇ ಗುರುವಾರ, ತಮ್ಮನ ಹತ್ರ ಮಾತು ಮುಗಿಸ್ಬೇಕು, ನಿನ್ನ ಶೂಲ ನೋಡ್ಕಂಡು ಕೂತ್ರೆ ಆಯ್ತದಾ ಅನ್ನೋನು. ಬುಧ್ವಾರ ಹೋಗು, ಶುಕ್ರುವಾರ ಹೋಗು, ನಾ ಬ್ಯಾಡ ಅನ್ನಲ್ಲ, ಗುರುವಾರ ಒಂದು ಬ್ಯಾಡ ಕಣಪ್ಪ ಅಂತ ಕೈ ಮುಗ್ದೆ. ಕೇಳ್ಲಿಲ್ಲ. ಅದಕ್ಕೇ ಕಾಳು ಇಟ್ಟೆ. ಈ ವಿದ್ಯೆ ನಂಗೆ ಬಂದಿದ್ದಾದ್ರೂ ಯಾರಿಂದ? ಅವ್ನಿಂದ್ಲೇ. ಚಿಕ್ಕೋನಿದ್ದಾಗ ಮೇಷ್ಟ್ರ ಸ್ಕೂಟರ್‌ಗೆ ಇಟ್ಟು ನನ್ನ ಕೈಲಿ ಏಟು ತಿಂದಿದ್ದ."

"ಪಂಚರ್ ಅಂದ್ಕೊಳ್ಳಲಿ ಅಂತ ಅದೇ ಚಕ್ರಕ್ಕೆ ಇಟ್ರಿ."

"ಹೂಂ. ಬುಧ್ವಾರ ದೀಪ ಹಚ್ಚೋ ಹೊತ್ತಿಗೆ ಇಡ್ತಿದ್ದೆ. ಬೆಳಿಗ್ಗೆ ಬಾಗ್ಲಿಗೆ ರಂಗೋಲಿ ಹಾಕಾಕೆ ಎದ್ದಾಗ, ಯಾರೂ ನೋಡ್ದಂಗೆ ತೆಗ್ದುಬಿಡ್ತಿದ್ದೆ. ಆಮೇಲೆ ಆ ಮುತ್ಯಾಲ ಬರೋನು, ಹುಡುಕೋನು, ಗಾಳಿ ಹೊಡ್ಯೋನು. ಅಷ್ಟೊತ್ತಿಗೆ ನನ್ನ ಮಗಂಗೆ ಹೋಗೋ ಮನಸ್ಸೇ ಹೊಂಟೋಗಿರೋದು."

"ಹೋದ ವಾರಾನೂ ಇಟ್ಟಿದ್ರಾ?"

"ಇಟ್ಟಿದ್ದೆ. ಬಿಗಿಯಾಗೇ ತಿರುಗ್ಸಿದ್ದೆ. ಬೆಳಿಗ್ಗೆ ಎದ್ದು ಬಂದ್ರೆ... ಗಾಡೀನೇ ಇಲ್ಲ ಕಣವ್ವ. ಗಾಳಿ ಇಲ್ದೆ ಹೆಂಗೆ ಹೋದ? ಶೂಲಕ್ಕೆ ಎದುರೇ ಹೊಂಟೋಗ್ಬುಟ್ಟ ನನ್ನ ಮಗ. ನಂಗೆ ತಡ್ಯಾಕಾಗ್ಲಿಲ್ಲ."

ಕೃಷ್ಣವೇಣಿಯ ಆಯಾಸ ಒಂದು ಗಳಿಗೆ ದೂರ ಸರಿದು ನಿಂತಿತು. ಬುಧವಾರ ಸಂಜೆಯೇ ಕಾಳು ಇಟ್ಟಿದ್ದರೆ ಬೆಳಗಿನ ಜಾವಕ್ಕೆ ಆ ಚಕ್ರ ಕೂತುಹೋಗಿರಬೇಕು. ಕಾರು ಗೇಟು ದಾಟುವ ಮಾತೇ ಇಲ್ಲ. ಆದರೂ ದಾಟಿದೆ. ಹಾಗಾದರೆ ಯಾರೋ ಕಾಳು ತೆಗೆದು ಗಾಳಿ ತುಂಬಿದ್ದಾರೆ. ಅದೇ ಕಾಳನ್ನು ಸೋಮಂದೇಪಲ್ಲಿಯಲ್ಲಿ ಮತ್ತೆ ಕ್ಯಾಪಿನೊಳಗೆ ಇಟ್ಟು, ಎಂದಿನ ಪಂಚರ್ ಎಂದು ಕಾಣುವ ಹಾಗೆ ಮಾಡಿ ಹೋಗಿದ್ದಾರೆ.

"ಕಾಳಿನ ವಿಷ್ಯ ಯಾರಿಗಾದ್ರೂ ಹೇಳಿದ್ರಾ?"

"ಯಾರ್ಗೂ ಇಲ್ಲ. ಹೇಳಿದ್ರೆ ಮಗ ಸುಮ್ಕಿರ್ತಿದ್ನಾ?"

"ಅವತ್ತು ಬೆಳಿಗ್ಗೆ ಮನೇಲಿ ಇನ್ಯಾರಿದ್ರು?"

"ಇನ್ಯಾರು? ಸೊಸೆ. ಅವ್ಳಿಗೆ ತಲೆನೋವು. ಬಾಗ್ಲು ಹಾಕ್ಕಂಡು ಮಲಗ್ದೋಳು ಮಧ್ಯಾಹ್ನ ಕಳ್ದ್ಮೇಲೆ ಹೊರಗೆ ಬಂದ್ಲು. ಕರೆದ್ರೂ ಓ ಅನ್ಲಿಲ್ಲ, ಅಷ್ಟು ನೋವು."

ಬಾಗಿಲಲ್ಲಿ ಬಳೆಯ ಸದ್ದಾಯಿತು. ಮಂಗಳಗೌರಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಬಂದವಳೇ ಅತ್ತೆಯನ್ನು ತಬ್ಬಿಕೊಂಡಳು.

"ಮೊದಲೇ ಒಂದು ಮಾತು ಹೇಳಬಾರದಿತ್ತಾ ಅತ್ತೆ? ಪಾಪ, ಆ ಮನುಷ್ಯ ಏನೂ ಮಾಡದೆ ಒಳಗೆ ಕೂತಿದ್ದಾನೆ. ಪಾಪಕ್ಕನ ಮುಖ ನೋಡೋಕೆ ಆಗ್ತಿಲ್ಲ ನನಗೆ. ಏಳಿ, ಈಗಲೇ ಸ್ಟೇಷನ್ನಿಗೆ ಹೋಗೋಣ. ಎಲ್ಲಾ ಹೇಳಿಬಿಡೋಣ."

"ನನ್ನ ಮಗನ ಕೊಂದೋಳು ನಾನೇ ಅಂತಾರೆ ಕಣೇ ಎಲ್ರೂ..."

"ಯಾರೂ ಅನ್ನಲ್ಲ. ನಾನಿದ್ದೀನಲ್ಲ."

ಬನಶಂಕರಮ್ಮ ಸೊಸೆಯ ಕೈ ಹಿಡಿದು ಎದ್ದರು. ಕೃಷ್ಣವೇಣಿ ಒಳಗೊಳಗೇ ನಿಟ್ಟುಸಿರು ಬಿಟ್ಟಳು. ಮುದುಕಿಯನ್ನು ಒಪ್ಪಿಸಲು ಇನ್ನೊಂದು ತಾಸು ಹೆಣಗಬೇಕಾಗುತ್ತದೆ ಎಂದುಕೊಂಡಿದ್ದಳು. ಸೊಸೆ ಆ ಕೆಲಸ ಹಗುರ ಮಾಡಿದ್ದಳು.

*

ಸ್ಟೇಷನ್ನಿಗೆ ನಾಲ್ಕೂ ಜನ ಒಂದೇ ಆಟೋದಲ್ಲಿ ಹೋದರು. ಪಾಪಕ್ಕ ದಾರಿಯುದ್ದಕ್ಕೂ ಮುದುಕಿಯ ಕಾಲು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಮಂಗಳಗೌರಿ ಅವಳ ಬೆನ್ನು ಸವರುತ್ತಿದ್ದಳು.

ಎಸ್ಸೈ ರಘುನಾಥ ಮೊದಲು ನಂಬಲಿಲ್ಲ. ಆಮೇಲೆ ತಲೆ ಕೆರೆದುಕೊಂಡ. ಕೊನೆಗೆ, "ಅಯ್ಯೋ ರಾಮಾ, ಶೂಲಕ್ಕೋಸ್ಕರ ಟೈರಿಗೆ ಪೆಸಲು ಹಾಕೋದಾ ಅವ್ವಾ!" ಎಂದು ರೈಟರನ್ನು ಕರೆದು ಮುದುಕಿಯ ಹೇಳಿಕೆ ಬರೆಸಲು ಕೂತ.

"ಇದಾದ ಮೇಲೆ ಮುತ್ಯಾಲಪ್ಪನನ್ನ ಇಟ್ಕೊಳ್ಳೋಕೆ ಏನಿದೆ ಸಾರ್?" ಕೃಷ್ಣವೇಣಿ ಕೇಳಿದಳು.

"ಏಮೀ ಲೇದು. ಕಾಳೇ ಅವನದ್ದಲ್ಲ ಅಂದ್ಮೇಲೆ ಇನ್ನೇನು? ಇವತ್ತೇ ಬಿಡ್ತೀನಿ. ಕರೆದಾಗ ಬರ್ಬೇಕು, ಅಷ್ಟೇ."

"ಗಾಳಿ ತುಂಬಿದ್ಯಾರು ಅನ್ನೋದು ಉಳೀತಲ್ಲ."

"ಅದು ನಾಳೆ ನೋಡೋಣ ಮೇಡಂ. ನೀವೂ ಮನೆಗೆ ಹೋಗಿ, ನೋಡೋಕೇ ಆಗ್ತಿಲ್ಲ ನಿಮ್ಮ ಮುಖ."

ಅದು ಸತ್ಯವೇ ಇರಬೇಕು. ಬೆಳಗಿನಿಂದ ಮಜ್ಜಿಗೆ, ಟೀ ಬಿಟ್ಟು ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆದರೂ ಈ ಸುದ್ದಿಯನ್ನು ತಾನೇ ಮುತ್ಯಾಲಪ್ಪನಿಗೆ ಹೇಳಬೇಕು ಅನ್ನಿಸಿತು. ಇಂಥ ಸಂತೋಷ ಅವಳ ಕೆಲಸದಲ್ಲಿ ಅಪರೂಪ.

ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಅವನು ಕೂತಿದ್ದ. ಗಡ್ಡ ಬೆಳೆದಿತ್ತು.

"ಏಳಪ್ಪ, ಮನೆಗೆ ಹೋಗೋ ಹೊತ್ತು. ಕಾಳು ಇಟ್ಟಿದ್ದು ನೀನಲ್ಲ ಅಂತ ಗೊತ್ತಾಯ್ತು. ಬನಶಂಕರಮ್ಮನೋರೇ ಒಪ್ಕೊಂಡ್ರು. ಬಿಡ್ತಾರಂತೆ."

ಮುತ್ಯಾಲಪ್ಪ ಎದ್ದು ಕೈ ಮುಗಿಯಲಿಲ್ಲ.

"ಬ್ಯಾಡ ಮೇಡಂ."

"ಏನು ಬ್ಯಾಡ?"

"ನನ್ನ ಬಿಡಿಸ್ಬ್ಯಾಡಿ. ನಿಮ್ಮ ಕಾಲು ಹಿಡ್ಕತೀನಿ. ನಾನೇ ಮಾಡ್ದೆ ಅಂತ ಬರ್ಕೊಟ್ಬುಡ್ತೀನಿ, ನಾಳೆ ಕೋರ್ಟಿಗೇ ಕರ್ಕಂಡ್ಹೋಗ್ಲಿ."

"ತಲೆ ಕೆಟ್ಟಿದೆಯೇನಪ್ಪ ನಿಂಗೆ? ಹೊರಗೆ ಪಾಪಕ್ಕ ಕಾಯ್ತಿದ್ದಾಳೆ!"

"ಅವ್ಳಿಗೋಸ್ಕರಾನೇ ಮೇಡಂ." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಗಾಳಿ ಹೊಡೆದಿದ್ದು ನಾನು. ಗುರುವಾರ ಇನ್ನೂ ಕತ್ಲು ಇರೋವಾಗ್ಲೇ ಫೋನ್ ಬಂತು. ಎಂದಿನಂಗೆ ಪಂಪ್ ತಗಂಡು ಹೋದೆ. ಕ್ಯಾಪ್ ಬಿಚ್ಚಿದ್ರೆ ಒಳಗೆ ಕಾಳು. ಇದೇನಮ್ಮ, ಇದ್ರಿಂದ್ಲೇ ಗಾಳಿ ಇಳೀತಿರೋದು ಅಂತ ತೆಗ್ದು ಕೈಗೆ ಕೊಟ್ಟೆ."

"ಯಾರ ಕೈಗೆ?"

"ಮಂಗಳಗೌರಮ್ಮನ ಕೈಗೆ."

ಕೃಷ್ಣವೇಣಿ ಬಾಗಿಲು ಮುಂದಕ್ಕೆ ಹಾಕಿ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತಳು.

"ಸಾವ್ಕಾರ್ರು ಎಲ್ಲಿದ್ರು?"

"ಹಿಂದಿನ ಸೀಟಲ್ಲಿ ಕಂಬಳಿ ಹೊದ್ದು ಮಲ್ಗಿದ್ರು. ಜ್ವರ ಬಂದೈತೆ, ಹಿಂದೂಪುರದಾಗೆ ಡಾಕ್ಟ್ರಿಗೆ ತೋರಿಸ್ತೀನಿ ಅಂದ್ರು ಆಯಮ್ಮ. ಅವ್ರ ಕಾಲಿನ ಪಕ್ಕದಾಗೇ ಕೂತು ಪಂಪ್ ಹೊಡೆದೆ ಮೇಡಂ. ಅಷ್ಟು ಸದ್ದಾದ್ರೂ ಮಿಸುಕ್ಲಿಲ್ಲ. ಏನ್ಲಾ ಪಂಚರ್ರು ಅಂತ ಬೈಲಿಲ್ಲ. ಆಯಮ್ಮನೇ ಸ್ಟೇರಿಂಗ್ ಹಿಡ್ದು ಹೊಂಟೋದ್ರು."

"ಗಾಡಿ ಓಡಿಸೋಕೆ ಬರಲ್ಲ ಅಂದ್ರಲ್ಲ ನಂಗೆ!"

"ಚೆನ್ನಾಗಿ ಬತ್ತದೆ. ನನ್ನ ಇಲ್ಲಿ ಕೂರ್ಸಿದ ಮೊದ್ಲ ದಿನಾನೇ ಊಟ ತಂದ್ರು. ಪೊಲೀಸ್ನೋರು ಎಂಥಾ ತಾಯಿ ಅಂದ್ಕಂಡ್ರು. ಅನ್ನ ಬಡಿಸ್ತಾ ಮೆಲ್ಲಗೆ ಅಂದ್ರು, ಪಾಪಕ್ಕನ್ನ ನಮ್ಮ ಮನೇಲೇ ಇಟ್ಕಂಡಿದ್ದೀನಿ ಕಣಪ್ಪ, ನೀನು ಅವತ್ತು ಬರ್ಲೇ ಇಲ್ಲ ಅಂತ ಹೇಳ್ಕಂಡು ಒಳಗಿದ್ರೆ ಅವ್ಳು ಸುಖವಾಗಿರ್ತಾಳೆ. ನಾನು ಇಲ್ಲಿ ಇರೋತನಕ ಅವ್ಳು ಜೀವಂತ ಇರ್ತಾಳೆ ಮೇಡಂ. ನಂಗೆ ಅಷ್ಟೇ ಸಾಕು."

ಅತ್ತೆಯ ಮಾತನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳು, ಈಗಲೇ ಹೋಗೋಣ ಏಳಿ ಎಂದು ಅವಸರ ಮಾಡಿದವಳು ಮಂಗಳಗೌರಿ. ಗಾಳಿ ತುಂಬಿದ್ದು ಯಾರು ಎಂದು ಯಾರಾದರೂ ಇವನನ್ನು ಕೇಳುವ ಮೊದಲು ಇವನು ಅವಳ ಕೈಗೆ ಸಿಗಬೇಕಿತ್ತು. ಕೃಷ್ಣವೇಣಿಗೆ ಭಯವಾಯಿತು. ಇಡೀ ದಿನ ಓಡಾಡಿ ಮಂಗಳಗೌರಿಯ ಕೆಲಸವನ್ನು ತಾನೇ ಮಾಡಿಕೊಟ್ಟಂತಾಯಿತಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಇಲ್ಲೇ ಇರು. ಎಸ್ಸೈಗೆ ಹೇಳಿ ಬರ್ತೀನಿ. ಪಾಪಕ್ಕನ್ನ ಒಳಗೆ ಕರ್ಸ್ತೀನಿ."

ಅವಳು ಏಳುವಷ್ಟರಲ್ಲಿ ಬಾಗಿಲು ತೆರೆಯಿತು. ರಘುನಾಥ ಹಲ್ಲು ಬಿಡುತ್ತ ನಿಂತಿದ್ದ.

"ಪದ, ನಡಿಯಪ್ಪಾ ಮುತ್ಯಾಲಪ್ಪ, ನಿನ್ನ ಅದೃಷ್ಟ! ಮನೆ ತನಕ ಬಿಡೋಕೆ ಮಂಗಳಗೌರಮ್ಮನೋರು ಯಾರದೋ ಕಾರು ತರಿಸಿದ್ದಾರೆ. ಮುದುಕಿನ ಆಟೋದಲ್ಲಿ ಮನೆಗೆ ಕಳಿಸಿಯಾಯ್ತು. ಡ್ರೈವರ್ ಬೇಡ, ನಾನೇ ಓಡಿಸ್ತೀನಿ ಅಂತ ಆಯಮ್ಮನೇ ಮುಂದೆ ಕೂತವ್ರೆ. ನಿನ್ನ ಹೆಂಡ್ತಿ ಆಗ್ಲೇ ಪಕ್ಕದಲ್ಲಿ ಹತ್ತಿ ಕೂತಿದ್ದಾಳೆ. ಬೇಗ ಬಾ, ಗಾಡಿ ಸ್ಟಾರ್ಟ್ ಆಗಿದೆ."